ಅತ್ತೆಯ ಮಂಡಿನೋವಿಗೆ ತಕ್ಕ ಹಡಗು

ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಹೋಗೋಣ ಅಂತ ಮನೆಯಲ್ಲಿ ಮಾತೆದ್ದ ದಿನವೇ ನಾನು ಒಂದು ಷರತ್ತು ಹಾಕಿದ್ದೆ: ಅತ್ತೆ ಬರುವುದಾದರೆ ಮಾತ್ರ. ಅತ್ತೆಗೆ ಎಪ್ಪತ್ತು ದಾಟಿದೆ. ಶುಗರ್ ಇದೆ, ಬಿಪಿ ಇದೆ, ಎಡಗಾಲಿನ ಮಂಡಿ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ಮಗನಿಗೆ ಇನ್ನೂ ನಾಲ್ಕು, ಮಗಳಿಗೆ ಹನ್ನೆರಡು. ಪ್ರವಾಸದ ಪ್ರತಿಯೊಂದು ತೀರ್ಮಾನವನ್ನೂ ಅತ್ತೆ ಮತ್ತು ಮಗ, ಇವರಿಬ್ಬರ ಶಕ್ತಿಗೆ ಅಳೆದೇ ಮಾಡಬೇಕು ಅಂತ ನಾನೂ ನಮ್ಮ ಮನೆಯವರೂ ಮೊದಲೇ ಒಪ್ಪಿಕೊಂಡೆವು. ಬೇರೆ ಪ್ರವಾಸದಲ್ಲಾದರೆ ಆಗದಿದ್ದವರನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬಹುದು, ಗಾಡಿ ತಿರುಗಿಸಿ ಊರಿಗೆ ವಾಪಸಾಗಬಹುದು. ಹಡಗು ದಡ ಬಿಟ್ಟ ಮೇಲೆ ಆ ಎರಡೂ ಇಲ್ಲ.

"ನಂಗ್ಯಾಕವ್ವ ಅಡಗು ಗಿಡಗು? ನೀವು ಓಗ್ಬನ್ನಿ, ನಾನು ಮನೆ ನೋಡ್ಕತೀನಿ" ಅಂದರು ಅತ್ತೆ. ಪಾಂಡವಪುರದ ಕಡೆಯ ಹಳ್ಳಿಯವರು. ಕೃಷ್ಣರಾಜಸಾಗರದ ಹಿನ್ನೀರಿಗಿಂತ ದೊಡ್ಡ ನೀರು ಕಂಡವರಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು ಹಡಗಿನ ವಿಡಿಯೋ ತೋರಿಸಿದಳು. ಒಳಗೆ ಲಿಫ್ಟ್ ಇದೆ ಅನ್ನುವುದು ಕಂಡ ಮೇಲೆ ಅವರ ಪ್ರಶ್ನೆ ಬದಲಾಯಿತು: "ಅಲ್ಲಿ ಮೊಸರು ಸಿಕ್ತದಾ?"

ಎಲ್ಲಿಂದ ಹತ್ತುವುದು ಅನ್ನುವುದಕ್ಕೆ ಬಹಳ ಯೋಚಿಸಿದೆವು. ಪಾಸ್‌ಪೋರ್ಟಿನ ಗೋಜೇ ಬೇಡ ಅನ್ನುವವರಿಗೆ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ ಹೋಗುವ ಹಡಗುಗಳಿವೆ. ಆದರೆ ಅರಬ್ಬೀ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಬ್ಬರ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ, ಸಣ್ಣ ದೋಣಿಗೆ ಇಳಿದು ಹೋಗಬೇಕು. ಅತ್ತೆಯ ಮಂಡಿಗೆ ಅದು ಆಗದ ಮಾತು. ಕೊನೆಗೆ ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿಕೊಂಡು ಮತ್ತೆ ಸಿಂಗಪುರಕ್ಕೆ ಬರುವ ನಾಲ್ಕು ರಾತ್ರಿಯ ಪ್ಯಾಕೇಜ್ ಆರಿಸಿದೆವು. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನ, ನಾಲ್ಕೂವರೆ ಗಂಟೆಯ ಹಾದಿ. ಹಡಗು ಹೆಚ್ಚಿನ ಹೊತ್ತು ಸಾಗುವುದು ಮಲಕ್ಕಾ ಜಲಸಂಧಿಯಲ್ಲಿ. ಒಂದು ಕಡೆ ಸುಮಾತ್ರಾ, ಇನ್ನೊಂದು ಕಡೆ ಮಲಯ ಪರ್ಯಾಯ ದ್ವೀಪ, ನಡುವೆ ಮರೆಯಲ್ಲಿರುವ ನೀರು. ತೆರೆದ ಸಾಗರದ ಅಲೆ ಅಲ್ಲಿ ಕಡಿಮೆ. ಫುಕೆಟ್ ಇರುವುದು ಅಂಡಮಾನ್ ಸಮುದ್ರಕ್ಕೆ ಮುಖ ಮಾಡಿ, ಅಲ್ಲಿ ಮೇ ತಿಂಗಳಿಂದ ನೈಋತ್ಯ ಮಾರುತ ಶುರು. ಹಾಗಾಗಿ ಏಪ್ರಿಲ್. ಮಕ್ಕಳಿಗೂ ಆಗ ಬೇಸಿಗೆ ರಜೆ. ಡಿಸೆಂಬರ್ ರಜೆಯಲ್ಲಿ ಹೋಗಬೇಕೆಂದರೆ ಅದೇ ಕ್ಯಾಬಿನ್ನಿಗೆ ಬೇರೆಯದೇ ದರ.

ಇನ್ನು ಕಾಗದಪತ್ರ. ಹೆಚ್ಚು ಕಾಲ ತಿಂದದ್ದು ಇದೇ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಮ್ಮ ಕಡೆಯ ಹಿರಿಯರ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ. ಅತ್ತೆಯ ಆಧಾರ್‌ನಲ್ಲಿ ಬರೀ ಒಂದು ಹೆಸರಿತ್ತು. ವೋಟರ್ ಐಡಿಯಲ್ಲಿ ಮಾವನವರ ಹೆಸರು ಸೇರಿತ್ತು. ಪ್ಯಾನ್‌ನಲ್ಲಿ ಇನಿಷಿಯಲ್. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರಿನ ಪಾಸ್‌ಪೋರ್ಟ್ ಮಾಡಿಸಬಹುದು, ಆದರೆ ಆಮೇಲೆ ವಿಮಾನದ ಟಿಕೆಟ್, ಹಡಗಿನ ಬುಕಿಂಗ್, ವೀಸಾ ಫಾರಂ ಎಲ್ಲವೂ ಎರಡು ಹೆಸರು ಕೇಳುತ್ತವೆ. ಒಂದೊಂದು ಕಡೆ ಒಂದೊಂದು ರೀತಿ ತುಂಬಿಸಿದರೆ ಚೆಕ್-ಇನ್ ಕೌಂಟರಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಅದಕ್ಕೇ ಮೊದಲು ಆಧಾರ್‌ನಲ್ಲಿ ಮಾವನವರ ಹೆಸರು ಸೇರಿಸಿ ಸರಿಮಾಡಿಸಿದೆವು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಒಂದೊಂದು ಅಕ್ಷರವನ್ನೂ ನೋಡಿಯೇ ಸಹಿ ಹಾಕಿ. ಪ್ಯಾನನ್ನು ಅದಕ್ಕೆ ಹೊಂದಿಸಿ, ಆಮೇಲೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆವು.

ಅಂಚೆ ಇಲಾಖೆಯ ಜೊತೆಗೂಡಿ ಪಾಸ್‌ಪೋರ್ಟ್ ಸೇವಾ ಕೇಂದ್ರ ನಡೆಸುವ ಯೋಜನೆ 2017ರ ಜನವರಿಯಲ್ಲಿ ಪ್ರಯೋಗಕ್ಕೆಂದು ಮೊದಲು ಶುರುವಾದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಈ ಕೆಲಸಕ್ಕೆ ಬೆಂಗಳೂರಿಗೆ ಅಲೆಯುವ ಕಾಲ ಹೋಯಿತು. ಅರವತ್ತು ದಾಟಿದವರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಹೊಸ ಪಾಸ್‌ಪೋರ್ಟಿನ ಶುಲ್ಕದಲ್ಲಿ ಶೇ. 10 ರಿಯಾಯಿತಿ ಇದೆ. ಅಪಾಯಿಂಟ್‌ಮೆಂಟ್ ಬೆಳಗಿನ ಮೊದಲ ಹೊತ್ತಿಗೇ ತಗೊಂಡೆವು. ಬೆರಳಚ್ಚು ಕೊಡುವಾಗ ಗದ್ದೆ ಕೆಲಸ ಮಾಡಿ ಸವೆದ ಅತ್ತೆಯ ಬೆರಳು ಯಂತ್ರಕ್ಕೆ ಹಿಡಿಯಲೇ ಇಲ್ಲ. ಕೌಂಟರಿನಲ್ಲಿದ್ದ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. "ಅಜ್ಜಿ, ಕೈ ಸ್ವಲ್ಪ ಒದ್ದೆ ಮಾಡ್ಕೊಳ್ಳಿ" ಅಂತ ಹತ್ತಿ ಕೊಟ್ಟು, ಒಂದೊಂದೇ ಬೆರಳು ತಾನೇ ಒತ್ತಿ ಹಿಡಿದು ಮುಗಿಸಿದಳು.

ಮಗಳ ಪಾಸ್‌ಪೋರ್ಟ್ ಮೊದಲೇ ಇತ್ತು, ಆದರೆ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯಸ್ಸು. ಪ್ರಯಾಣದ ದಿನಕ್ಕೆ ಇನ್ನೂ ಆರು ತಿಂಗಳಾದರೂ ಬಾಕಿ ಇರಬೇಕು ಅನ್ನುವುದು ನಿಯಮ. ಅವಳದ್ದು ಮುಗಿಯಲು ಬಂದಿತ್ತು, ಹೊಸದು ಮಾಡಿಸಿದೆವು. ಕ್ಯಾಬಿನ್ ಬುಕ್ ಮಾಡುವ ಮೊದಲು ಮನೆಯ ಎಲ್ಲ ಪಾಸ್‌ಪೋರ್ಟುಗಳನ್ನೂ ಮೇಜಿನ ಮೇಲೆ ಹರಡಿ ಕೊನೆಯ ದಿನಾಂಕ ನೋಡಿ. ಐದು ನಿಮಿಷದ ಕೆಲಸ.

ಸಿಂಗಪುರದ ವೀಸಾ ಅಧಿಕೃತ ಏಜೆಂಟರ ಮೂಲಕ ಮಾಡಿಸಿದೆವು. ಬಂದ ಮೇಲೆ ಅದರಲ್ಲಿ ಮಲ್ಟಿಪಲ್ ಜರ್ನಿ ಅಂತ ಇದೆಯೇ ನೋಡಿಕೊಳ್ಳಿ. ಹಡಗು ಹತ್ತಿದಾಗ ನೀವು ಸಿಂಗಪುರ ಬಿಟ್ಟಿರಿ, ಇಳಿದಾಗ ಎರಡನೇ ಸಲ ಒಳಗೆ ಬಂದಿರಿ ಅಂತಲೇ ಲೆಕ್ಕ. ಸಿಂಗಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬಬೇಕಾದ ಎಸ್‌ಜಿ ಅರೈವಲ್ ಕಾರ್ಡ್ ಕೂಡ ಅಷ್ಟೇ, ವಿಮಾನದಲ್ಲಿ ಬರುವಾಗ ಒಂದು, ಹಡಗಿನಿಂದ ಮರಳುವಾಗ ಇನ್ನೊಂದು. ಸರ್ಕಾರಿ ತಾಣದಲ್ಲಿ ಇದು ಪೂರ್ತಿ ಉಚಿತ. ಅದೇ ಥರ ಕಾಣುವ ಖಾಸಗಿ ತಾಣಗಳು ದುಡ್ಡು ಕೇಳುತ್ತವೆ, ಕೊಡಬೇಡಿ.

ಬುಕಿಂಗ್‌ಗೆ ಮೂರು ಕಡೆ ವಿಚಾರಿಸಿದೆವು. ಒಬ್ಬ ಏಜೆಂಟರು ಹೇಳಿದ ದರ ಕೇಳಿ ನಮ್ಮ ಮನೆಯವರು ಅಲ್ಲೇ ಅಡ್ವಾನ್ಸ್ ಕೊಡಲು ಎದ್ದಿದ್ದರು. "ರೀ, ಸ್ವಲ್ಪ ಕೂತ್ಕೊಳಿ" ಅಂದು ನಾನು ಒಂದು ಹಾಳೆ ತೆಗೆದೆ. ಬಂದರು ಶುಲ್ಕ ಸೇರಿದೆಯೇ? ಇಲ್ಲ. ದಿನಕ್ಕೆ ತಲೆಗಿಷ್ಟು ಅಂತ ಹಿಡಿಯುವ ಸಿಬ್ಬಂದಿಯ ಸೇವಾ ಶುಲ್ಕ? ಇಲ್ಲ, ಅದು ಹಡಗಿನಲ್ಲಿ, ಮಕ್ಕಳಿಗೂ ಸೇರಿಸಿ. ವೀಸಾ, ಇನ್ಶೂರೆನ್ಸ್, ಹಿಂದಿನ ರಾತ್ರಿಯ ಹೋಟೆಲ್? ಯಾವುದೂ ಇಲ್ಲ. ಎಲ್ಲ ಕೂಡಿಸಿದರೆ ಮೊದಲು ದುಬಾರಿ ಅನ್ನಿಸಿದ ಇನ್ನೊಬ್ಬರ ದರವೇ ಕಡಿಮೆಯಾಯಿತು. ದರ ಹೇಳಿದವರ ಹತ್ತಿರ ಸೇರಿದ್ದು, ಸೇರದ್ದು ಎರಡನ್ನೂ ಬರೆಸಿಕೊಳ್ಳಬೇಕು. ಬಾಯಿಮಾತಿನ ದರ ದರವೇ ಅಲ್ಲ. ಪೂರ್ತಿ ಹಣ ಕಟ್ಟಬೇಕಾದ ಕೊನೆಯ ದಿನ ಯಾವುದು, ಅದಾದ ಮೇಲೆ ರದ್ದು ಮಾಡಿದರೆ ಎಷ್ಟು ಕಡಿತ ಅನ್ನುವುದನ್ನೂ ಕೇಳಿ. ಮನೆಯಲ್ಲಿ ವಯಸ್ಸಾದವರಿದ್ದಾಗ ಈ ಪ್ರಶ್ನೆಗೆ ಸಂಕೋಚ ಬೇಡ.

ಕ್ಯಾಬಿನ್ ವಿಷಯದಲ್ಲಿ ನಾನು ಪಟ್ಟು ಹಿಡಿದೆ. ನಾವು ಐದು ಜನ. ಸಾಮಾನ್ಯ ಕ್ಯಾಬಿನ್ನಿಗೆ ಹೆಚ್ಚೆಂದರೆ ನಾಲ್ವರು, ಅದರಲ್ಲೂ ಮೂರನೆಯ ನಾಲ್ಕನೆಯ ಹಾಸಿಗೆ ಗೋಡೆಯಿಂದ ಮಡಚಿ ಇಳಿಸುವಂಥದ್ದು, ಏಣಿ ಹತ್ತಬೇಕು. ಆದ್ದರಿಂದ ಅಕ್ಕಪಕ್ಕದ ಎರಡು ಕ್ಯಾಬಿನ್, ಅತ್ತೆ ಮಗಳು ಒಂದರಲ್ಲಿ, ನಾವು ಮಗ ಇನ್ನೊಂದರಲ್ಲಿ. ಬಾಲ್ಕನಿ ತಗೊಳ್ಳಿ ಅಂತ ಎಲ್ಲರೂ ಹೇಳಿದರು. ನನಗೆ ಮನಸ್ಸಿರಲಿಲ್ಲ. ನಮ್ಮ ಹುಡುಗ ಸಿಕ್ಕಿದ್ದರ ಮೇಲೆಲ್ಲಾ ಹತ್ತುವವನು. ಬಾಲ್ಕನಿಯಲ್ಲಿ ಕುರ್ಚಿ ಇರುತ್ತದೆ, ಕುರ್ಚಿಯ ಪಕ್ಕ ಕಂಬಿ ಇರುತ್ತದೆ. ಅಲ್ಲಿ ನಾನು ಒಂದು ರಾತ್ರಿಯೂ ನಿಶ್ಚಿಂತೆಯಾಗಿ ಕಣ್ಣು ಮುಚ್ಚುತ್ತಿರಲಿಲ್ಲ. ತೆರೆಯಲಾಗದ ದೊಡ್ಡ ಕಿಟಕಿಯ ಕ್ಯಾಬಿನ್ನೇ ಸಾಕು ಅಂದೆ. ಅದೂ ಹಡಗಿನ ಉದ್ದದಲ್ಲಿ ನಡುಮಧ್ಯೆ, ಕೆಳಗಿನ ಅಂತಸ್ತಿನಲ್ಲಿ, ಏಕೆಂದರೆ ತುಯ್ದಾಟ ಅತಿ ಕಡಿಮೆ ಇರುವುದು ಅಲ್ಲೇ. ಲಿಫ್ಟಿಗೆ ಹತ್ತಿರ, ಆದರೆ ನೇರ ಎದುರಲ್ಲ. ಮೇಲೆ ಕೆಳಗೆ ಎರಡೂ ಕಡೆ ಮಲಗುವ ಕೋಣೆಗಳೇ ಇರುವ ಅಂತಸ್ತು. ಈಜುಕೊಳದ ಕೆಳಗೆ ಸಿಕ್ಕರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ರಂಗಮಂದಿರದ ಮೇಲೆ ಸಿಕ್ಕರೆ ನಡುರಾತ್ರಿವರೆಗೆ ಡ್ರಮ್ಮು. ಹಡಗಿನ ನಕ್ಷೆ ಕಂಪನಿಯ ತಾಣದಲ್ಲೇ ಸಿಗುತ್ತದೆ, ಅದನ್ನು ತೆರೆದಿಟ್ಟುಕೊಂಡು ಕ್ಯಾಬಿನ್ ನಂಬರ್ ಹೇಳಿ ಬುಕ್ ಮಾಡಿಸಿದೆವು. ಗ್ಯಾರಂಟಿ ಕ್ಯಾಬಿನ್ ಅಂತ ಕಡಿಮೆ ದರಕ್ಕೆ ಕೊಡುತ್ತಾರೆ, ಅದರಲ್ಲಿ ಯಾವ ನಂಬರ್ ಕೊಡಬೇಕು ಅನ್ನುವುದು ಅವರಿಷ್ಟ. ಹಿರಿಯರು ಇರುವ ಕುಟುಂಬಕ್ಕೆ ಅದು ಹೊಂದುವುದಿಲ್ಲ.

ಬಾಲ್ಕನಿಯಲ್ಲಿ ಉಳಿದ ದುಡ್ಡು ಅತ್ತೆಯ ಇನ್ಶೂರೆನ್ಸಿಗೆ ಹೋಯಿತು. ಎಪ್ಪತ್ತು ದಾಟಿದವರಿಗೆ ಪ್ರೀಮಿಯಂ ಜಾಸ್ತಿಯೇ. ಆದರೂ ಹಳೆಯ ಕಾಯಿಲೆಗಳನ್ನು ಮುಚ್ಚಿಡದೆ ಬರೆದು, ಕ್ರೂಸ್ ಪ್ರಯಾಣ ಸೇರಿದೆಯೇ, ಹಡಗಿನಿಂದ ದಡದ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯೇ ಅಂತ ಪಾಲಿಸಿಯಲ್ಲಿ ಓದಿಯೇ ತಗೊಂಡೆವು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಒಮ್ಮೆ ತೋರಿಸಿದರೆ ಬಿಲ್ ಡಾಲರ್ ಲೆಕ್ಕದಲ್ಲಿ ನಿಮ್ಮ ಖಾತೆಗೆ ಬೀಳುತ್ತದೆ. ನಮ್ಮ ಮನೆಯ ಡಾಕ್ಟರ ಹತ್ತಿರ ಔಷಧಿಗಳ ಮೂಲ ಹೆಸರಿನಲ್ಲೇ ಚೀಟಿ ಬರೆಸಿಕೊಂಡೆವು. ಹಡಗಿನ ತಲೆಸುತ್ತಿನ ಮಾತ್ರೆಯನ್ನು ಕೆಲವರು ಅಂಗಡಿಯಲ್ಲಿ ಕೇಳಿ ತಗೊಂಡುಬಿಡುತ್ತಾರೆ. ವಯಸ್ಸಾದವರಿಗೆ ಅದರಿಂದ ಮಂಪರು ಹತ್ತಿ ಬಾತ್‌ರೂಮಿನಲ್ಲಿ ಬೀಳುವ ಅಪಾಯ ಇದೆ, ಡಾಕ್ಟರನ್ನು ಕೇಳದೆ ಬೇಡ.

ಪ್ಯಾಕಿಂಗ್ ಶುರುವಾದಾಗ ಅತ್ತೆಯ ಮತ್ತು ನಿಯಮಗಳ ನಡುವೆ ನಾನು ಪಂಚಾಯ್ತಿ ಮಾಡಬೇಕಾಯಿತು. ಕೊಬ್ಬರಿ ಗಿಟುಕನ್ನು ವಿಮಾನದ ಲಗೇಜಿಗೆ ಹಾಕುವಂತಿಲ್ಲ, ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯುತ್ತದೆ ಅಂತ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಸಿಂಗಪುರದಲ್ಲಿ ನಿಷಿದ್ಧ, ಚ್ಯೂಯಿಂಗ್ ಗಮ್ ಕೂಡ. ಹಡಗಿಗೆ ಇಸ್ತ್ರಿಪೆಟ್ಟಿಗೆ, ಕೆಟಲ್, ರೈಸ್ ಕುಕ್ಕರ್ ಬೇಡ. ಊದುಬತ್ತಿ, ಕರ್ಪೂರ, ಬತ್ತಿ ದೀಪ ಬೇಡವೇ ಬೇಡ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಹೆದರಿಕೆ ಇಲ್ಲ. ಅತ್ತೆ ದೀಪ ಹಚ್ಚದೆ ಕಾಫಿ ಮುಟ್ಟುವವರಲ್ಲ. ದೇವರಾಜ ಅರಸ್ ರಸ್ತೆಯಲ್ಲಿ ಬ್ಯಾಟರಿಯ ಪುಟ್ಟ ದೀಪ ತಂದು, ಮೇಲುಕೋಟೆ ಚೆಲುವರಾಯನ ಫೋಟೋ ಜೊತೆ ಅವರ ಬ್ಯಾಗಿನಲ್ಲಿಟ್ಟೆ. ಒತ್ತಿ ನೋಡಿದರು, ಹತ್ತಿತು. "ಆಯ್ತು ಬುಡು, ಸ್ವಾಮಿಗೆ ಗೊತ್ತಾಯ್ತದೆ" ಅಂದರು. ಮನೆಯ ಅಡುಗೆ ಒಯ್ಯಲಿಲ್ಲ. ಸೀಲ್ ಇರುವ ಚಟ್ನಿಪುಡಿ, ಪುಳಿಯೋಗರೆ ಪುಡಿಯ ಪ್ಯಾಕೆಟ್ ಇಟ್ಟುಕೊಂಡೆವು, ಯಾರೂ ಆಕ್ಷೇಪಿಸಲಿಲ್ಲ. ಇನ್ನೊಂದು ಸಾಮಾನು ಹೆಣ್ಣುಮಕ್ಕಳು ನಾಚಿಕೆಯಿಂದ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ: ಒಂದು ಹಗುರ ಪ್ಲಾಸ್ಟಿಕ್ ಚೊಂಬು. ನಮ್ಮ ಕ್ಯಾಬಿನ್ನಿನ ಶೌಚಾಲಯದಲ್ಲಿ ಕೈಪೈಪು ಇರಲಿಲ್ಲ, ಬಕೆಟ್ ಇಡಲು ಜಾಗವೂ ಇರಲಿಲ್ಲ. ಆ ಚೊಂಬಿನಿಂದ ಅತ್ತೆಗೆ ಆದ ಸಮಾಧಾನ ಸಮುದ್ರ ನೋಡಿಯೂ ಆಗಿರಲಿಕ್ಕಿಲ್ಲ.

ಮೈಸೂರಿನಿಂದ ಫ್ಲೈಬಸ್‌ನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿ, ಹಡಗು ಹೊರಡುವ ಹಿಂದಿನ ದಿನವೇ ಸಿಂಗಪುರ ಸೇರಿದೆವು. ಅದೇ ದಿನ ಇಳಿದು ಅದೇ ದಿನ ಹತ್ತುತ್ತೇವೆ ಅನ್ನುವವರು ವಿಮಾನ ತಡವಾದರೆ ಏನು ಮಾಡುತ್ತೀರಿ ಯೋಚಿಸಿ, ಹಡಗು ಕಾಯುವುದಿಲ್ಲ. ಸಿಂಗಪುರದಲ್ಲಿ ಕ್ರೂಸ್ ಟರ್ಮಿನಲ್ ಎರಡಿವೆ. ಹಾರ್ಬರ್‌ಫ್ರಂಟ್‌ನಲ್ಲಿ ಹಳೆಯದು, 2012ರಲ್ಲಿ ಶುರುವಾದ ಮರೀನಾ ಬೇ ಕ್ರೂಸ್ ಸೆಂಟರ್ ಇನ್ನೊಂದು. ಎರಡನೆಯದಕ್ಕೆ ಮೆಟ್ರೋದಲ್ಲಿ ಹೋಗುವುದಾದರೆ ಮರೀನಾ ಸೌತ್ ಪಿಯರ್‌ನಲ್ಲಿ ಇಳಿಯಬೇಕು. ಟಿಕೆಟ್ ನೋಡಿ ಟ್ಯಾಕ್ಸಿಯವರಿಗೆ ಪೂರ್ತಿ ಹೆಸರು ಹೇಳಿ. ದೊಡ್ಡ ಸೂಟ್‌ಕೇಸುಗಳನ್ನು ಅಲ್ಲಿ ಬಾಗಿಲಲ್ಲೇ ತಗೊಳ್ಳುತ್ತಾರೆ, ಕ್ಯಾಬಿನ್ನಿಗೆ ಬರುವಷ್ಟರಲ್ಲಿ ಸಂಜೆ. ಮಾತ್ರೆ, ಮಗನ ಒಂದು ಜೊತೆ ಬಟ್ಟೆ, ಈಜುಡುಗೆ, ಪಾಸ್‌ಪೋರ್ಟು ಎಲ್ಲ ಕೈಚೀಲದಲ್ಲೇ ಇದ್ದವು. ಗಾಲಿಕುರ್ಚಿ ಮೊದಲೇ ಕೇಳಿಟ್ಟಿದ್ದರಿಂದ ಇಮಿಗ್ರೇಷನ್ ಸಾಲಿನಲ್ಲಿ ಅತ್ತೆ ನಿಲ್ಲಬೇಕಾಗಲಿಲ್ಲ.

ಹತ್ತಿದ ಕೂಡಲೇ ಎಲ್ಲರೂ ಊಟದ ಕಡೆ ಓಡಿದರು, ನಾವು ಮೊದಲು ನಮ್ಮ ಮಸ್ಟರ್ ಸ್ಟೇಷನ್‌ಗೆ ಹೋದೆವು. ಅಪಾಯ ಬಂದರೆ ಸೇರಬೇಕಾದ ಜಾಗ ಅದು. 2012ರ ಜನವರಿ 13ರಂದು ಇಟಲಿಯ ಜೀಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು ಮಗುಚಿ 32 ಜನ ಸತ್ತರು. ಅವತ್ತೇ ಹತ್ತಿದ ನೂರಾರು ಪ್ರಯಾಣಿಕರಿಗೆ ಆಗಿನ್ನೂ ಈ ಜಾಗಕ್ಕೆ ಬಂದು ಸೇರುವ ಕವಾಯತು ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. 2015ರಿಂದ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಲೇಬೇಕು. ಏಳು ಚಿಕ್ಕ ಸದ್ದು, ಒಂದು ಉದ್ದ ಸದ್ದು ಕೇಳಿದರೆ ಅಲ್ಲಿಗೆ ಬರಬೇಕು. ಆಗ ಲಿಫ್ಟ್ ಬಳಸುವಂತಿಲ್ಲ. ಅದಕ್ಕೇ ಅಲ್ಲಿದ್ದ ಸಿಬ್ಬಂದಿಗೆ ಅತ್ತೆಯನ್ನು ತೋರಿಸಿ, ಮೆಟ್ಟಿಲು ಆಗುವುದಿಲ್ಲ ಅಂತ ಕ್ಯಾಬಿನ್ ನಂಬರ್ ಬರೆಸಿದೆ. ಸಹಾಯ ಬೇಕಾದವರ ಪಟ್ಟಿಗೆ ಸೇರಿಸಿಕೊಂಡರು. ಮಗನ ಕೈಗೆ ಸ್ಟೇಷನ್ ನಂಬರಿನ ಪಟ್ಟಿ ಕಟ್ಟಿದರು. ಹಿರಿಯರನ್ನು ಕರೆದೊಯ್ಯುವ ಪ್ರತಿಯೊಬ್ಬರಿಗೂ ಇದೊಂದನ್ನು ಕೈಮುಗಿದು ಹೇಳುತ್ತೇನೆ, ಬಿಡಬೇಡಿ.

ಊಟದ ಚಿಂತೆ ನನಗೆ ಬೇರೆ ಥರದ್ದಿತ್ತು. ನಾವು ಮಾಂಸ ತಿನ್ನುವವರು. ಆದರೆ ಅತ್ತೆ ಸೋಮವಾರ, ಶನಿವಾರ ಮುಟ್ಟುವುದಿಲ್ಲ, ದನದ್ದು ಹಂದಿಯದ್ದು ಯಾವತ್ತೂ ಇಲ್ಲ. ಬಫೆಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತವೆ. ಬುಕಿಂಗ್‌ನಲ್ಲೇ ಭಾರತೀಯ ಸಸ್ಯಾಹಾರ ಅಂತ ಬರೆಸಿದ್ದೆವು. ಮೊದಲ ರಾತ್ರಿ ಊಟದ ಮೇಜಿನಲ್ಲಿ ಬಡಿಸುವವರಿಗೂ ಹೇಳಿದೆವು. ಮಾರನೆಯ ದಿನದಿಂದ ಅತ್ತೆಗೆ ಅನ್ನ, ಬೇಳೆ, ಪಲ್ಯ ಬೇರೆಯೇ ಬಂತು. ಬಟ್ಟಲಿನಲ್ಲಿ ಮೊಸರೂ ಬಂತು, ಹುಳಿ ಸಾಲದು ಅನ್ನುವುದು ಬಿಟ್ಟರೆ ಅತ್ತೆಗೆ ಬೇರೆ ದೂರಿರಲಿಲ್ಲ. ಮುದ್ದೆ ಮಾತ್ರ ಇಲ್ಲ. ಶುಗರ್ ಇರುವವರು ಬಫೆಯ ಸಿಹಿ ಕೌಂಟರ್ ಕಡೆ ಕೂರದಿರುವುದೇ ಕ್ಷೇಮ.

ಬೆಳಗಿನ ಜಾವ ಅವರ ಕ್ಯಾಬಿನ್ ಬಾಗಿಲು ತಟ್ಟಿದಾಗ ಅತ್ತೆ ಕಿಟಕಿಗೆ ಹಣೆ ಒತ್ತಿ ಕೂತಿದ್ದರು. ಹೊರಗೆ ಸರಕು ಹಡಗುಗಳು ಸಾಲಾಗಿ, ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗುವ ಗಾಡಿಗಳ ಹಾಗೆ, ಒಂದರ ಹಿಂದೆ ಒಂದು. "ಇವೆಲ್ಲಾ ಎತ್ಲಾಗ್ ಓಯ್ತಾವೆ ಮಗಾ?" ಅಂತ ಕೇಳಿದರು. ಮಗಳು ಚೀನಾ, ಜಪಾನ್ ಅಂತ ಹೇಳುತ್ತಿದ್ದಳು.

ಪೆನಾಂಗ್‌ನಲ್ಲಿ ಹಡಗು ಸ್ವೆಟನ್‌ಹ್ಯಾಮ್ ಪಿಯರ್‌ಗೆ ನೇರ ತಾಗಿ ನಿಲ್ಲುತ್ತದೆ. ಅಲ್ಲಿಂದ ಹೊರಬಿದ್ದರೆ ಜಾರ್ಜ್‌ಟೌನ್, 2008ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿರುವ ಹಳೆಯ ಪೇಟೆ. ಹಡಗಿನವರು ಮಾರುವ ಟೂರ್ ತಗೊಳ್ಳಲಿಲ್ಲ, ಟ್ಯಾಕ್ಸಿ ಹಿಡಿದು ಕ್ವೀನ್ ಸ್ಟ್ರೀಟಿನ ಮಾರಿಯಮ್ಮನ ಗುಡಿಗೆ ಹೋದೆವು. 1833ರ ಗುಡಿ. ಅಲ್ಲಿ ಅತ್ತೆ ನಿಜವಾದ ಎಣ್ಣೆ ದೀಪ ಹಚ್ಚಿದರು. ಹತ್ತಿರದ ಊರು, ದಡಕ್ಕೆ ತಾಗುವ ಹಡಗು ಇದ್ದರೆ ಸ್ವಂತವಾಗಿ ಸುತ್ತಿ. ದೂರದ ಜಾಗಕ್ಕಾದರೆ ಹಡಗಿನ ಟೂರೇ ಮೇಲು, ಅದು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ.

ಫುಕೆಟ್‌ನಲ್ಲಿ ಹಡಗು ದೂರ ಲಂಗರು ಹಾಕಿತು, ದೋಣಿಯಲ್ಲಿ ಹೋಗಬೇಕು. ಇದು ಮೊದಲೇ ಗೊತ್ತಿತ್ತು. ಲಕ್ಷದ್ವೀಪ ಬೇಡ ಅಂದವರು ಇಲ್ಲಿಗೆ ಒಪ್ಪಿದ್ದಕ್ಕೆ ಕಾರಣ, ಇದು ಒಂದು ದಿನದ ಮಾತು, ಅತ್ತೆಗೆ ಹಡಗೇ ಸಾಕು ಅಂತ. ದೋಣಿಗೆ ಇಳಿಯುವ ಕಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿದೆ. ಅಲೆಗೆ ದೋಣಿ ಏರುತ್ತದೆ, ಇಳಿಯುತ್ತದೆ. ಸಿಬ್ಬಂದಿ ಎರಡೂ ಕಡೆ ತೋಳು ಹಿಡಿದು "ಈಗ" ಅಂದಾಗ ಕಾಲಿಡಬೇಕು. ಮಗನನ್ನು ಅವರೇ ಎತ್ತಿ ದಾಟಿಸಿದರು. ನಮ್ಮ ಮನೆಯವರು ಅತ್ತೆಯ ಜೊತೆ ಉಳಿದರು, ನಾನು ಮಕ್ಕಳೊಂದಿಗೆ ಹೋದೆ. ಇಲ್ಲಿ ಒಂದು ಎಚ್ಚರ: ಥಾಯ್ಲೆಂಡ್ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡ ಸೇರಿದ ಕೂಡಲೇ ಮೊಬೈಲು ತಾನಾಗಿ ಅಲ್ಲಿನ ಗಂಟೆ ತೋರಿಸುತ್ತದೆ, ನಮ್ಮ ಹಡಗು ನಡೆಯುತ್ತಿದ್ದದ್ದು ಸಿಂಗಪುರದ ಗಂಟೆಯಲ್ಲಿ. ಮಗಳ ಕೈಗಡಿಯಾರವನ್ನು ಹಡಗಿನ ಗಂಟೆಗೆ ಇಟ್ಟು, ಅದನ್ನೊಂದೇ ನೋಡಿದೆವು. ಮೊಬೈಲನ್ನು ಸಮುದ್ರದಲ್ಲಿ ಏರೋಪ್ಲೇನ್ ಮೋಡ್‌ನಲ್ಲೇ ಇಡಬೇಕು. ಹಡಗಿನ ನೆಟ್‌ವರ್ಕ್ ಹಿಡಿದರೆ ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ, ಬಿಲ್ ಮನೆಗೆ ಬರುತ್ತದೆ.

ಕೊನೆಯ ಸಂಜೆ ಊಟಕ್ಕೆ ಮೊದಲೇ ಖಾತೆಯ ಬಿಲ್ ತೆಗೆಸಿ ನೋಡಿದೆವು. ನಾವು ತಗೊಳ್ಳದ ಒಂದು ಪಾನೀಯ ಅದರಲ್ಲಿತ್ತು, ಹೇಳಿದ ಕೂಡಲೇ ತೆಗೆದರು. ಮಾರನೆಯ ಬೆಳಿಗ್ಗೆ ಅದೇ ಕೌಂಟರಿನ ಮುಂದೆ ಉದ್ದನೆಯ ಸಾಲು. ಆ ರಾತ್ರಿ ಸೂಟ್‌ಕೇಸ್ ಕ್ಯಾಬಿನ್ ಹೊರಗಿಡಬೇಕು, ಬೆಳಗಿನ ಬಟ್ಟೆ, ಚಪ್ಪಲಿ, ಅತ್ತೆಯ ಬೆಳಗಿನ ಮಾತ್ರೆ ಒಳಗೇ ಉಳಿಸಿಕೊಳ್ಳಿ. ವಾಪಸ್ ವಿಮಾನವನ್ನು ಸಂಜೆಗೆ ಇಟ್ಟಿದ್ದರಿಂದ ಇಳಿಯುವ ಗಡಿಬಿಡಿ ನಮಗಿರಲಿಲ್ಲ.

ಊರಿಗೆ ಬಂದ ಮೇಲೆ ಉಳಿದದ್ದು ಒಂದೇ ಲೆಕ್ಕ. ವಿದೇಶ ಪ್ಯಾಕೇಜ್ ಮಾರುವವರು ಟಿಸಿಎಸ್ ಅಂತ, ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ ಹಿಡಿಯುತ್ತಾರೆ. ಎಷ್ಟೋ ಜನ ಅದನ್ನು ಖರ್ಚು ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ಯಾರ ಪ್ಯಾನ್ ಕೊಟ್ಟಿದ್ದೀರೋ ಅವರ 26ಎಎಸ್ ಅನ್ನುವ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಇಲ್ಲವೇ ವಾಪಸ್ ಪಡೆಯಬಹುದು. ನಮ್ಮ ಮನೆಯವರ ಪ್ಯಾನ್‌ನಲ್ಲಿ ಅದು ಬಂದು ಕೂತಿದೆ. ಏಜೆಂಟರಿಂದ ಅದರ ಸರ್ಟಿಫಿಕೇಟನ್ನೂ ಕೇಳಿ ಇಸಿದುಕೊಂಡು ಫೈಲಿಗೆ ಹಾಕಿದ್ದೇನೆ.